ಹೊಲದಿಂದ ಅಂಗಿಯವರೆಗೆ ಹತ್ತಿಯ ಗುರುತು: ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್ ಎಂದರೇನು?

ಶಿಗ್ಗಾವಿ ತಾಲೂಕಿನ ತಡಸ ಹುಬ್ಬಳ್ಳಿಯಿಂದ ಶಿರಸಿಗೆ ಹೋಗುವ ಹಾದಿಯಲ್ಲಿರುವ ಊರು. ಈ ಊರಿನಲ್ಲೂ ಸುತ್ತಲಿನ ಸೀಮೆಯಲ್ಲೂ ಈಚಿನ ವರ್ಷಗಳಲ್ಲಿ ಗೋವಿನಜೋಳ ಬಹಳಷ್ಟು ಹೊಲ ಹಿಡಿದಿದೆ. ಆದರೂ ಹತ್ತಿ ಬೆಳೆಯುವುದನ್ನು ರೈತರು ಬಿಟ್ಟಿಲ್ಲ. ಹತ್ತಿ ಬಿಡಿಸಿ, ಚೀಲ ತುಂಬಿ, ಹುಬ್ಬಳ್ಳಿಗೋ ಹಾವೇರಿಗೋ ಒಯ್ದು, ತೂಕವಾಗಿ ಪಟ್ಟಿ ಕೈಗೆ ಬಂದಿತೆಂದರೆ ಆ ಹತ್ತಿಗೂ ಅದನ್ನು ಬೆಳೆದವನಿಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯುತ್ತದೆ. ಆ ಹತ್ತಿ ಯಾವ ಗಿರಣಿಗೆ ಹೋಯಿತು, ಯಾವ ನೂಲಾಯಿತು, ಯಾವ ದೇಶದಲ್ಲಿ ಯಾರ ಮೈಮೇಲಿನ ಅಂಗಿಯಾಯಿತು ಎಂಬುದು ರೈತನಿಗೆ ಗೊತ್ತಿಲ್ಲ. ಅಂಗಿ ತೊಟ್ಟವನಿಗೂ ಈ ಹತ್ತಿ ತಡಸದ್ದೋ ಬೇರೆ ಊರಿನದ್ದೋ ಗೊತ್ತಿಲ್ಲ.

ಈ ಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ಯುರೋಪಿನ ದೇಶಗಳು ತಮ್ಮಲ್ಲಿಗೆ ಬರುವ ಸರಕುಗಳಿಗೆ ‘ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್’ ಇರಬೇಕೆಂದು ಕಾನೂನು ಮಾಡಿವೆ. ಬಟ್ಟೆಬರೆ ಆ ಸರಕುಗಳ ಮೊದಲ ಸಾಲಿನಲ್ಲಿದೆ. ಇದು ಸಿದ್ಧ ಉಡುಪು ತಯಾರಿಸುವ ಕಾರ್ಖಾನೆಗಳವರ ಚಿಂತೆ, ನಮಗೇನು ಎಂದು ರೈತ ಬಾಂಧವರು ಕೇಳಬಹುದು. ಕಾರ್ಖಾನೆಯವನು ತನ್ನ ಬಟ್ಟೆಯ ಹುಟ್ಟು ಹೇಳಬೇಕಾದರೆ ನೂಲಿನವನನ್ನು ಕೇಳುತ್ತಾನೆ. ನೂಲಿನವನು ಜಿನ್ನಿನವನನ್ನು ಕೇಳುತ್ತಾನೆ. ಜಿನ್ನಿನವನು ಕೊನೆಗೆ ಕೇಳುವುದು ಹತ್ತಿ ತಂದ ರೈತನನ್ನೇ. ಆದ್ದರಿಂದ ಈ ವಿಷಯವನ್ನು ಈಗಲೇ ತಿಳಿದುಕೊಳ್ಳುವುದು ಒಳಿತು.

ಪಾಸ್‌ಪೋರ್ಟ್ ಎಂದರೆ ಏನು?

ನಮ್ಮ ದನಗಳ ಕಿವಿಗೆ ಪಶುವೈದ್ಯ ಇಲಾಖೆಯವರು 12 ಅಂಕಿಗಳ ಹಳದಿ ಓಲೆ ಹಾಕುವುದನ್ನು ಎಲ್ಲರೂ ನೋಡಿದ್ದೀರಿ. ಆ ಓಲೆಯ ಮೇಲೆ ಇರುವುದು ಒಂದು ಸಂಖ್ಯೆ ಮಾತ್ರ. ಆಕಳ ತಳಿ, ವಯಸ್ಸು, ಹಾಕಿಸಿದ ಲಸಿಕೆ, ಒಡೆಯನ ಹೆಸರು ಇವೆಲ್ಲ ಬೇರೆ ಕಡೆ, ಗಣಕದ ದಾಖಲೆಯಲ್ಲಿ ಇರುತ್ತವೆ. ಸಂಖ್ಯೆಯನ್ನು ಹಾಕಿದರೆ ದಾಖಲೆ ತೆರೆದುಕೊಳ್ಳುತ್ತದೆ.

ಉತ್ಪನ್ನದ ಪಾಸ್‌ಪೋರ್ಟೂ ಹೀಗೆಯೇ. ಸರಕಿನ ಮೇಲೋ ಅದಕ್ಕೆ ಹೊಲಿದ ಚೀಟಿಯ ಮೇಲೋ ಒಂದು ಗುರುತು ಇರುತ್ತದೆ. ಅಂಗಡಿಗಳಲ್ಲಿ ಹಣ ಕೊಡಲು ನಾವು ಮೊಬೈಲ್ ಹಿಡಿಯುತ್ತೇವಲ್ಲ, ಅಂಥ ಕಪ್ಪು-ಬಿಳುಪು ಚೌಕದ ಕ್ಯೂಆರ್ ಗುರುತು. ಮೊಬೈಲ್ ಹಿಡಿದರೆ ಆ ಸರಕಿನ ವಿವರ ಕಾಣುತ್ತದೆ: ಯಾವುದರಿಂದ ಮಾಡಿದ್ದು, ಎಲ್ಲಿ ಮಾಡಿದ್ದು, ಅಪಾಯಕಾರಿ ರಾಸಾಯನಿಕ ಏನಾದರೂ ಸೇರಿದೆಯೇ, ಎಷ್ಟು ದಿನ ಬಾಳಿಕೆ ಬರುತ್ತದೆ, ದುರಸ್ತಿ ಮಾಡಲು ಬರುತ್ತದೆಯೇ, ಹಳೆಯದಾದ ಮೇಲೆ ಏನು ಮಾಡಬೇಕು ಇತ್ಯಾದಿ. ಎಲ್ಲ ವಿವರ ಎಲ್ಲರಿಗೂ ಕಾಣಬೇಕೆಂದಿಲ್ಲ. ಕೊಳ್ಳುವವನಿಗೆ ಕೆಲವು, ದುರಸ್ತಿ ಮಾಡುವವನಿಗೆ ಕೆಲವು, ಸುಂಕದ ಅಧಿಕಾರಿಗೆ ಕೆಲವು ಎಂದು ಪಾಲು ಮಾಡಲಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಯುರೋಪಿಯನ್ ಒಕ್ಕೂಟದ ಈ ಕಾನೂನಿನ ಸಂಖ್ಯೆ 2024/1781. ಇದು 2024ರ ಜುಲೈ 18ರಂದು ಜಾರಿಗೆ ಬಂದಿತು. ಇದು ಚೌಕಟ್ಟಿನ ಕಾನೂನು. ಯಾವ ಸರಕಿಗೆ ಯಾವ ವಿವರ ಬೇಕು ಎಂಬುದನ್ನು ಒಂದೊಂದು ಸರಕಿಗೂ ಪ್ರತ್ಯೇಕ ನಿಯಮ ಮಾಡಿ ನಿಗದಿ ಮಾಡುವ ಕ್ರಮವನ್ನು ಇದರಲ್ಲಿ ಇಟ್ಟಿದ್ದಾರೆ. 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಕಾರ್ಯಯೋಜನೆಯಲ್ಲಿ ಉಕ್ಕು, ಅಲ್ಯೂಮಿನಿಯಂ, ಪೀಠೋಪಕರಣ, ಟಯರು, ಹಾಸಿಗೆ ಇವುಗಳ ಜೊತೆಗೆ ಬಟ್ಟೆ, ಅದರಲ್ಲೂ ಉಡುಪು, ಸೇರಿದೆ. ಉಡುಪಿನ ನಿಯಮವನ್ನು 2027ರ ಸುಮಾರಿಗೆ ಮಾಡುವ ಅಂದಾಜನ್ನು ಆ ಯೋಜನೆ ಕೊಟ್ಟಿದೆ. ನಿಯಮ ಮಾಡಿದ ಮೇಲೆ ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 18 ತಿಂಗಳ ಅವಕಾಶ ಇರಬೇಕೆಂದು ಕಾನೂನೇ ಹೇಳುತ್ತದೆ.

ಬ್ಯಾಟರಿಗಳಿಗೆ ಮಾತ್ರ ಬೇರೆ ಕಾನೂನು ಇದೆ. ವಿದ್ಯುತ್ ವಾಹನಗಳ ಬ್ಯಾಟರಿ ಮತ್ತು 2 ಕಿಲೋವ್ಯಾಟ್ ಗಂಟೆಗೂ ಮೀರಿದ ಕೈಗಾರಿಕಾ ಬ್ಯಾಟರಿಗಳಿಗೆ 2027ರ ಫೆಬ್ರವರಿ 18ರಿಂದ ಪಾಸ್‌ಪೋರ್ಟ್ ಕಡ್ಡಾಯ ಎಂದು ಅದು ನಿಗದಿ ಮಾಡಿದೆ. ಈ ಪದ್ಧತಿಯ ಮೊದಲ ಪರೀಕ್ಷೆ ಅಲ್ಲಿಯೇ ಆಗುವುದು.

ಇಲ್ಲಿ ಮೂರು ಸಂಗತಿಗಳನ್ನು ರೈತರು ಸ್ಪಷ್ಟವಾಗಿ ತಿಳಿದಿರಬೇಕು.

ಒಂದು, 2024ರ ಈ ಕಾನೂನು ಆಹಾರ ಪದಾರ್ಥ ಮತ್ತು ಪಶು ಆಹಾರಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಹಾನಗಲ್ಲಿನ ಮಾವಿಗೂ ಇದರ ಸಂಬಂಧ ಇಲ್ಲ. ಅವುಗಳಿಗೆ ಬೇರೆ ನಿಯಮಗಳಿವೆ.

ಎರಡು, ಪಾಸ್‌ಪೋರ್ಟ್ ಮಾಡಿಸುವ ಹೊಣೆ ಸರಕನ್ನು ಯುರೋಪಿನ ಪೇಟೆಗೆ ಇಳಿಸುವವನದು, ಅಂದರೆ ತಯಾರಕನದು ಅಥವಾ ಆಮದು ಮಾಡುವವನದು. ರೈತನು ಯಾವ ಕಚೇರಿಗೂ ಹೋಗಿ ಪಾಸ್‌ಪೋರ್ಟ್ ಮಾಡಿಸಬೇಕಾಗಿಲ್ಲ. ‘ನಿಮ್ಮ ಹತ್ತಿಗೆ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇವೆ, ಇಷ್ಟು ಹಣ ಕಟ್ಟಿರಿ’ ಎಂದು ಯಾರಾದರೂ ಬಂದರೆ ನಂಬಬಾರದು.

ಮೂರು, ಪಾಸ್‌ಪೋರ್ಟನ್ನು ಒಂದೊಂದು ಬಿಡಿ ಸರಕಿಗೂ ಮಾಡಬಹುದು, ಒಂದು ತಂಡಕ್ಕೆ, ಅಂದರೆ ಒಂದು ಲಾಟಿಗೆ ಮಾಡಬಹುದು, ಇಲ್ಲವೆ ಒಂದು ಮಾದರಿಗೆ ಮಾಡಬಹುದು. ಯಾವುದಕ್ಕೆ ಯಾವ ಮಟ್ಟ ಎಂಬುದನ್ನು ಆಯಾ ಸರಕಿನ ನಿಯಮ ಹೇಳುತ್ತದೆ. ಈ ‘ಲಾಟು’ ಎಂಬ ಮಾತು ನಮಗೆ ಮುಖ್ಯ. ಮುಂದೆ ಅದರ ವಿಚಾರ ಬರುತ್ತದೆ.

ನಮ್ಮ ಸೀಮೆಗೆ ಇದು ಹೊಸದೇ?

ಹತ್ತಿಯ ಗುರುತಿನ ಪ್ರಶ್ನೆ ಧಾರವಾಡ ಸೀಮೆಗೆ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಹೀಗಾಗಿ ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರು ಬಿದ್ದಿತು. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ನಮ್ಮ ಹತ್ತಿಗೆ ಬೆಲೆ ಏರಿತು. ಬೆಲೆಯ ಜೊತೆಗೆ ಕಲಬೆರಕೆಯೂ ಏರಿತು. ಒಳ್ಳೆಯ ಹತ್ತಿಯಲ್ಲಿ ಕೀಳು ಹತ್ತಿ, ಬೀಜ, ಮಣ್ಣು ಸೇರಿಸುವುದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆಯುವ ಕಾಯ್ದೆ ಮಾಡಿ ತನಿಖಾಧಿಕಾರಿಗಳನ್ನು ನೇಮಿಸಿತು. ಮುಂದೆ 1923ರ ಹತ್ತಿ ಸಾಗಾಣಿಕೆ ಕಾಯ್ದೆ ಬಂದಿತು. ಒಳ್ಳೆಯ ಎಳೆಯ ಹತ್ತಿ ಬೆಳೆಯುವ ಸೀಮೆಗೆ ಹೊರಗಿನ ಕೀಳು ಹತ್ತಿಯನ್ನು ತಂದು ಬೆರೆಸುವುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು. 1925ರ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯ್ದೆಯು ಪ್ರತಿಯೊಂದು ಅಂಡಿಗೆಯ ಮೇಲೂ ಆಯಾ ಪ್ರೆಸ್ಸಿನ ಗುರುತು ಮತ್ತು ಅನುಕ್ರಮ ಸಂಖ್ಯೆ ಇರಬೇಕೆಂದು ವಿಧಿಸಿತು.

ಅಂಡಿಗೆಯ ಮೇಲೆ ಬಿದ್ದ ಆ ಮಸಿಯ ಸಂಖ್ಯೆಯೇ ಈಗಿನ ಪಾಸ್‌ಪೋರ್ಟಿನ ಹಿರಿಯಣ್ಣ ಎನ್ನಬಹುದು. ಆದರೆ ಆ ಸಂಖ್ಯೆ ಜಿನ್ನಿನ ಬಾಗಿಲಲ್ಲಿ ಆರಂಭವಾಗುತ್ತಿತ್ತು. ಅದರ ಹಿಂದಿನ ಹೊಲದ ಸುದ್ದಿಯನ್ನು ಅದು ಹೇಳುತ್ತಿರಲಿಲ್ಲ. ಇಂದಿನ ಕೊಳ್ಳುವವನು ಕೇಳುತ್ತಿರುವುದು ಆ ಹಿಂದಿನ ಸುದ್ದಿಯನ್ನೇ.

ಹತ್ತಿ ತನ್ನ ಗುರುತನ್ನು ಎಲ್ಲಿ ಕಳೆದುಕೊಳ್ಳುತ್ತದೆ?

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಅಂಡಿಗೆಯ ತೂಕ 170 ಕಿಲೋ. ನೂರು ಕಿಲೋ ಬೀಜ ಸಹಿತ ಹತ್ತಿಯಿಂದ 34 ಕಿಲೋ ಅರಳೆ ಬರುತ್ತದೆಂದು ಹಿಡಿದರೆ ಒಂದು ಅಂಡಿಗೆಗೆ 5 ಕ್ವಿಂಟಲ್ ಹತ್ತಿ ಬೇಕು. ಎರಡು ಎಕರೆ ಮಳೆಯಾಶ್ರಿತ ಹೊಲದಲ್ಲಿ ಒಟ್ಟು 10 ಕ್ವಿಂಟಲ್ ತೆಗೆದ ರೈತನ ಬೆಳೆ ಎರಡು ಅಂಡಿಗೆ ಆಗುತ್ತದೆ. ಹತ್ತಿ ವ್ಯಾಪಾರದಲ್ಲಿ ಲಾಟು ಎಂದರೆ ಸಾಮಾನ್ಯವಾಗಿ 100 ಅಂಡಿಗೆ. ಒಂದು ಲಾಟು ತುಂಬಲು 500 ಕ್ವಿಂಟಲ್ ಬೀಜ ಸಹಿತ ಹತ್ತಿ, ಎಂದರೆ ಇಂಥ 50 ಜನ ರೈತರ ಬೆಳೆ ಬೇಕು.

ಈ 50 ಜನರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಂದಿನ ರೂಢಿಯಲ್ಲಿ ಅವರು 20 ಊರುಗಳವರು, 10 ತಳಿ ಬಿತ್ತಿದವರು, ಮೂರು ಸಲ ಬಿಡಿಸಿದ ಹತ್ತಿಯನ್ನು ಒಂದೇ ಚೀಲಕ್ಕೆ ತುಂಬಿದವರು ಆಗಿರುತ್ತಾರೆ. ಜಿನ್ನಿನ ಅಂಗಳದಲ್ಲಿ ಎಲ್ಲವೂ ಒಂದೇ ರಾಶಿಗೆ ಬೀಳುತ್ತದೆ. ಅಲ್ಲಿಗೆ ಹತ್ತಿಯ ಗುರುತು ಹೋಯಿತು. ಆ ಮೇಲೆ ಯಾವ ಯಂತ್ರವೂ ಅದನ್ನು ಮರಳಿ ತಂದುಕೊಡಲಾರದು.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಒಬ್ಬ ರೈತನ ಹೊಲದಿಂದಲೇ ನೂರಾರು ಅಂಡಿಗೆ ಬರುತ್ತವೆ. ಅಲ್ಲಿ ಒಬ್ಬ ರೈತನೇ ಒಂದು ಲಾಟು. ನಮ್ಮಲ್ಲಿ ಹಾಗಲ್ಲ. ನಮ್ಮ ಹತ್ತಿಗೆ ಗುರುತು ಸಿಗಬೇಕಾದರೆ ಅದು ಒಬ್ಬ ರೈತನ ಹೆಸರಿನಲ್ಲಿ ಸಿಗುವುದು ಕಷ್ಟ. ಒಂದು ಊರಿನ ಇಲ್ಲವೆ ಒಂದು ರೈತ ಗುಂಪಿನ ಹೆಸರಿನಲ್ಲಿ ಸಿಗಬಹುದು. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಕಾರ್ಖಾನೆಗಳವರು ಏನು ಮಾಡಬೇಕಾಗುತ್ತದೆ?

ಮೊದಲನೆಯದಾಗಿ ಜಿನ್ನಿಂಗ್ ಕಾರ್ಖಾನೆ. ಇಲ್ಲಿ ರಾಶಿಗೆ ಸಂಖ್ಯೆ ಕೊಟ್ಟು, ಆ ರಾಶಿಗೆ ಬಂದ ರೈತರ ಪಟ್ಟಿ ಇಟ್ಟು, ಆ ರಾಶಿಯಿಂದ ಆದ ಅಂಡಿಗೆಗಳ ಸಂಖ್ಯೆಯನ್ನು ಅದಕ್ಕೆ ಜೋಡಿಸಬೇಕು. ಒಂದು ರಾಶಿ ಮುಗಿದು ಇನ್ನೊಂದು ಹಾಕುವ ಮೊದಲು ಯಂತ್ರಗಳನ್ನು ಬರಿದು ಮಾಡಬೇಕು. ಇದಕ್ಕೆ ಅಂಗಳ ಹೆಚ್ಚು ಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ಖರ್ಚು ಬೀಳುವುದು ಇಲ್ಲಿಯೇ.

ಎರಡನೆಯದು ನೂಲಿನ ಗಿರಣಿ. ನೂಲು ಒಂದೇ ಸಮ ಬರಬೇಕೆಂದು ಗಿರಣಿಯವರು ಬೇರೆ ಬೇರೆ ಕಡೆಯ ಅಂಡಿಗೆಗಳನ್ನು ಬೇಕೆಂದೇ ಬೆರೆಸುತ್ತಾರೆ. ಆದ್ದರಿಂದ ಗುರುತು ಕಾಯಲು ಎರಡು ಪದ್ಧತಿಗಳಿವೆ. ಒಂದು, ಆ ಹತ್ತಿಯನ್ನು ಆರಂಭದಿಂದ ಕೊನೆಯವರೆಗೆ ಪೂರ್ತಿ ಬೇರೆಯಾಗಿಯೇ ನೂಲುವುದು. ಇನ್ನೊಂದು, ತೂಕ ಸರಿದೂಗಿಸುವುದು. ಅಂದರೆ ಗುರುತಿನ ಹತ್ತಿ 100 ಕ್ವಿಂಟಲ್ ಒಳಗೆ ಬಂದಿದ್ದರೆ ಹಾಳು ಕಳೆದು ಅಷ್ಟೇ ತೂಕದ ನೂಲನ್ನು ಮಾತ್ರ ಗುರುತಿನ ನೂಲೆಂದು ಮಾರುವುದು. ಎರಡನೆಯ ಪದ್ಧತಿಯಲ್ಲಿ ಲೆಕ್ಕ ಸರಿ ಇರುತ್ತದೆ, ಆದರೆ ಆ ನೂಲಿನಲ್ಲಿ ನಿಮ್ಮ ಊರಿನ ಎಳೆಯೇ ಇದೆ ಎಂದು ಹೇಳಲಾಗದು. ಯಾರಾದರೂ ‘ಗುರುತಿನ ಹತ್ತಿ’ ಎಂದರೆ ಇವೆರಡರಲ್ಲಿ ಯಾವುದು ಎಂದು ಕೇಳಬೇಕು.

ಮೂರನೆಯದಾಗಿ ನೇಯ್ಗೆ, ಬಣ್ಣ ಮತ್ತು ಹೊಲಿಗೆ. ಯಾವ ಬಣ್ಣ, ಯಾವ ರಾಸಾಯನಿಕ, ಎಷ್ಟು ನೀರು, ತ್ಯಾಜ್ಯ ನೀರು ಎಲ್ಲಿಗೆ ಹೋಯಿತು ಎಂಬ ದಾಖಲೆ ಇಲ್ಲಿ ಸೇರುತ್ತದೆ. ದೊಡ್ಡ ಕಾರ್ಖಾನೆಗಳು ಇದನ್ನು ಹೇಗಾದರೂ ಮಾಡಿಕೊಂಡಾವು. ಸಣ್ಣ ಬಣ್ಣದ ಮನೆಗಳಿಗೆ, ನೇಕಾರರ ಸಹಕಾರಿ ಸಂಘಗಳಿಗೆ ಇದು ಭಾರವಾಗುವ ಸಂಭವ ಉಂಟು.

ದಾಖಲೆ ಇಟ್ಟುಕೊಂಡು ಬಟ್ಟೆ ಮಾಡುವುದು ನಮ್ಮವರಿಗೆ ಬಾರದ ಕೆಲಸವೇನೂ ಅಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುವುದನ್ನು ಎಲ್ಲರೂ ಬಲ್ಲರು. ಅಲ್ಲಿ ನೂಲಿನ ಎಣಿಕೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ, ಅಳತೆ ಎಲ್ಲವೂ ಭಾರತೀಯ ಮಾನಕ ಸಂಸ್ಥೆಯ ನಿಯಮದ ಪ್ರಕಾರ ಇರಬೇಕು, ಪರೀಕ್ಷೆಯಲ್ಲಿ ಪಾಸಾಗಬೇಕು. ನೂಲುವ, ನೇಯುವ ಹಳ್ಳಿಯ ಹೆಣ್ಣುಮಕ್ಕಳೇ ಆ ಕಟ್ಟುನಿಟ್ಟಿನ ಕೆಲಸವನ್ನು ನಡೆಸಿಕೊಂಡು ಬಂದಿದ್ದಾರೆ.

ನಮ್ಮ ದೇಶದಲ್ಲಿ ಏನು ನಡೆದಿದೆ?

ಪಾಸ್‌ಪೋರ್ಟಿನ ಕೆಲವು ತುಂಡುಗಳು ಈಗಾಗಲೇ ನಮ್ಮ ಕೈಯಲ್ಲಿವೆ. ದ್ರಾಕ್ಷಿ ಬೆಳೆಗಾರರಿಗೆ ಈ ಪದ್ಧತಿ 2006ರಿಂದಲೇ ಪರಿಚಯ. ಯುರೋಪಿಗೆ ಹೋಗುವ ದ್ರಾಕ್ಷಿಯ ತೋಟಗಳನ್ನು ನೋಂದಾಯಿಸಿ, ಔಷಧದ ಉಳಿಕೆ ಪರೀಕ್ಷಿಸಿ, ಪೆಟ್ಟಿಗೆಯಿಂದ ತೋಟದವರೆಗೆ ಹಿಂದಕ್ಕೆ ಹೋಗಿ ನೋಡುವ ‘ಗ್ರೇಪ್‌ನೆಟ್’ ವ್ಯವಸ್ಥೆಯನ್ನು ಅಪೇಡಾ ಸಂಸ್ಥೆ ಆಗ ಆರಂಭಿಸಿತು.

ಬೀಜದಲ್ಲಿ 2023ರ ಏಪ್ರಿಲ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ‘ಸಾಥಿ’ ಎಂಬ ವ್ಯವಸ್ಥೆ ತಂದಿತು. ಬೀಜದ ಚೀಲದ ಮೇಲಿನ ಕ್ಯೂಆರ್ ಗುರುತಿನಿಂದ ಆ ಬೀಜ ಎಲ್ಲಿ ಉತ್ಪಾದನೆಯಾಯಿತು, ಯಾರು ಪ್ರಮಾಣೀಕರಿಸಿದರು ಎಂದು ತಿಳಿಯುವುದು ಇದರ ಗುರಿ.

ಅರಳೆಯಲ್ಲಿ ‘ಕಸ್ತೂರಿ ಕಾಟನ್ ಭಾರತ್’ ಎಂಬ ಹೆಸರನ್ನು 2020ರ ಅಕ್ಟೋಬರ್ 7ರಂದು, ವಿಶ್ವ ಹತ್ತಿ ದಿನದಂದು, ಭಾರತ ಸರ್ಕಾರ ಘೋಷಿಸಿತು. ನಿಗದಿಯಾದ ಗುಣಮಟ್ಟಕ್ಕೆ ಹೊಂದುವ ಅಂಡಿಗೆಗಳಿಗೆ ಕ್ಯೂಆರ್ ಗುರುತು ಹಾಕಿ ಮುಂದಿನ ಹಾದಿಯನ್ನು ದಾಖಲಿಸುವ ಕ್ರಮ ಅದರಲ್ಲಿದೆ. ಇದಲ್ಲದೆ ನಮ್ಮ ರಾಜ್ಯದ ರೈತರಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಇದೆ. ಉತಾರವಿದೆ, ಪ್ರತಿ ಹಂಗಾಮಿನ ಬೆಳೆ ಸಮೀಕ್ಷೆಯೂ ಇದೆ.

ತುಂಡುಗಳು ಹೀಗೆ ಇದ್ದರೂ ಅವು ಒಂದಕ್ಕೊಂದು ಹೊಂದಿಕೊಂಡಿಲ್ಲ. ಬೀಜದ ಗುರುತು ಬೀಜದ ಅಂಗಡಿಯಲ್ಲಿ ನಿಲ್ಲುತ್ತದೆ. ಅಂಡಿಗೆಯ ಗುರುತು ಜಿನ್ನಿನಲ್ಲಿ ಆರಂಭವಾಗುತ್ತದೆ. ನಡುವೆ ಇರುವ ಆರೇಳು ತಿಂಗಳ ಹೊಲದ ಕೆಲಸ, ಹತ್ತಿ ಬಿಡಿಸುವುದು, ಮನೆಯಲ್ಲಿ ಸಂಗ್ರಹ, ಪೇಟೆಯ ಸಾಗಾಟ ಇವುಗಳ ದಾಖಲೆ ಎಲ್ಲಿಯೂ ಇಲ್ಲ.

ಸುಳ್ಳು ದಾಖಲೆಯ ಅಪಾಯ

ಗಣಕದಲ್ಲಿ ಬರೆದದ್ದೆಲ್ಲ ನಿಜವೆಂದು ತಿಳಿಯಬಾರದು. 2020ರಲ್ಲಿ ಸಾವಯವ ಬಟ್ಟೆಯ ಜಾಗತಿಕ ಪ್ರಮಾಣೀಕರಣ ಸಂಸ್ಥೆಯಾದ ಗಾಟ್ಸ್, ಭಾರತದಲ್ಲಿ ಸುಮಾರು 20,000 ಟನ್ ಹತ್ತಿ ನಕಲಿ ಪ್ರಮಾಣಪತ್ರಗಳ ಮೇಲೆ ಸಾವಯವವೆಂದು ಮಾರಾಟವಾದದ್ದನ್ನು ಪತ್ತೆ ಹಚ್ಚಿ ಕೆಲವು ಕಂಪನಿಗಳನ್ನು ಹೊರಗಿಟ್ಟಿತು. ಪ್ರಮಾಣಪತ್ರಗಳಿಗೆ ಕೊರತೆ ಇರಲಿಲ್ಲ. ಆದರೆ ಕಾಗದದ ಹಿಂದೆ ಹೊಲ ಇರಲಿಲ್ಲ. ಇಂಥ ಮೋಸದಲ್ಲಿ ಮೊದಲು ಪೆಟ್ಟು ತಿನ್ನುವವರು ನಿಜವಾಗಿ ಸಾವಯವ ಬೆಳೆದ ರೈತರು. ಕೊಳ್ಳುವವರು ಒಮ್ಮೆ ನಂಬಿಕೆ ಕಳೆದುಕೊಂಡರೆ ಒಳ್ಳೆಯವನ ಹತ್ತಿಗೂ ಬೆಲೆ ಬಾರದು.

ಮೇಲಿನ ಎಲ್ಲ ದಾಖಲೆಯೂ ಮೊದಲ ಸಾಲಿನ ಮೇಲೆ ನಿಂತಿದೆ. ಆ ಮೊದಲ ಸಾಲು ರೈತನ ಮನೆಯಲ್ಲಿ ಬರೆಯುವಂಥದ್ದು. ಅದು ಸುಳ್ಳಾದರೆ ಮೇಲಿನದೆಲ್ಲ ಸುಳ್ಳು.

ರೈತನಿಗೆ ಇದು ಲಾಭವೋ ಹೊರೆಯೋ?

ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಹತ್ತಿಗೆ ಹೆಚ್ಚು ಬೆಲೆ ಕೊಡಬೇಕೆಂದು ಯಾವ ಕಾನೂನೂ ಹೇಳಿಲ್ಲ. 2025–26ನೇ ಹಂಗಾಮಿಗೆ ಕೇಂದ್ರ ಸರ್ಕಾರ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಈ ಬೆಲೆ ಎಳೆಯ ಉದ್ದ ಮತ್ತು ಗುಣವನ್ನು ನೋಡುತ್ತದೆಯೇ ಹೊರತು ದಾಖಲೆಯನ್ನು ನೋಡುವುದಿಲ್ಲ. ದಾಖಲೆ ಇಡುವ ದುಡಿಮೆ ರೈತನದು, ಅದರ ಲಾಭ ಅಂಗಿ ಮಾರುವವನದು ಎಂದಾಗುವ ಅಪಾಯ ಖಂಡಿತ ಇದೆ.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ವಿವರ ಕೊಡಲಾಗದ ಹತ್ತಿಯನ್ನು ರಫ್ತಿಗೆ ಬಟ್ಟೆ ಮಾಡುವ ಗಿರಣಿಗಳು ಮುಂದೆ ಕೈಬಿಡಬಹುದು. ವಿವರ ಇದ್ದ ಹತ್ತಿಯನ್ನು ಹುಡುಕಿಕೊಂಡು ಬರಬಹುದು. ಆಗ ಚೌಕಾಸಿ ಮಾಡುವ ಬಲ ಯಾರಿಗೆ ಇರುತ್ತದೆ? ಎರಡು ಅಂಡಿಗೆಯ ಒಬ್ಬ ರೈತನಿಗೆ ಇರುವುದಿಲ್ಲ. 100 ಅಂಡಿಗೆಯ ಒಂದೇ ತಳಿಯ, ಒಂದೇ ಗುಣದ, ದಾಖಲೆ ಇರುವ ಲಾಟನ್ನು ಮುಂದಿಟ್ಟ ಗುಂಪಿಗೆ ಇರುತ್ತದೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ ‘ವರಲಕ್ಷ್ಮಿ’ ಸಂಕರಣ ಹತ್ತಿಯನ್ನು ಹೊರತಂದರು. 1981ರಲ್ಲಿ ಅಲ್ಲಿಂದಲೇ ‘ಡಿಸಿಎಚ್-32’ ಬಂದಿತು. ನಮ್ಮ ಸೀಮೆಯ ಉದ್ದ ಎಳೆಯ ಹತ್ತಿಗೆ ಗಿರಣಿಗಳಲ್ಲಿ ಹೆಸರು ಬಂದದ್ದು ಇಂಥ ತಳಿಗಳಿಂದ. ಆ ಹೆಸರು ಉಳಿಯಬೇಕಾದರೆ ತಳಿ ಬೆರಕೆಯಾಗದೆ ಜಿನ್ನಿಗೆ ತಲುಪಬೇಕು. ಪಾಸ್‌ಪೋರ್ಟ್ ಬರಲಿ ಬಿಡಲಿ, ಈ ಕೆಲಸದಿಂದ ನಷ್ಟವಿಲ್ಲ.

ಈಗಲೇ ಮಾಡಬಹುದಾದ ಕೆಲಸಗಳು

1. ಬೀಜ ಕೊಂಡ ಪಾವತಿಯನ್ನೂ ಚೀಲಕ್ಕೆ ಅಂಟಿದ ಚೀಟಿಯನ್ನೂ ಬೆಳೆ ಮಾರಿ ಹಣ ಬರುವವರೆಗೆ ಜೋಪಾನವಾಗಿ ಇಡಬೇಕು. ಚೀಟಿಯ ಮೇಲಿನ ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನಾಂಕಗಳನ್ನು ನೋಡಿಯೇ ಕೊಳ್ಳಬೇಕು. ಬೀಜ ಮೊಳೆಯದೆ ಪರಿಹಾರ ಕೇಳಬೇಕಾದಾಗಲೂ ಇದೇ ದಾಖಲೆ ನೆರವಿಗೆ ಬರುತ್ತದೆ.

2. ಪಾವತಿ ಇಲ್ಲದೆ ಮಾರುವ ಬಿಡಿ ಬೀಜವನ್ನು, ಮುಖ್ಯವಾಗಿ ಸರ್ಕಾರದ ಅನುಮತಿ ಪಡೆಯದ ಕಳೆನಾಶಕ ಸಹಿಷ್ಣು ಹತ್ತಿ ಬೀಜವನ್ನು ಬಿತ್ತಬಾರದು. ಹುಟ್ಟು ಗೊತ್ತಿಲ್ಲದ ಬೀಜದಿಂದ ಬಂದ ಹತ್ತಿಗೆ ಯಾವ ದಾಖಲೆಯೂ ಆಗುವುದಿಲ್ಲ.

3. ಒಂದು ನೂರು ಪುಟದ ವಹಿ ಇಡಬೇಕು. ಅದರಲ್ಲಿ ಸರ್ವೆ ನಂಬರು, ಬಿತ್ತಿದ ದಿನ, ತಳಿ, ಹಾಕಿದ ಗೊಬ್ಬರ, ಸಿಂಪಡಿಸಿದ ಔಷಧದ ಹೆಸರು, ಪ್ರಮಾಣ ಮತ್ತು ದಿನಾಂಕ, ಬಿಡಿಸಿದ ದಿನ, ಬಂದ ತೂಕ, ಮಾರಿದ ದಿನ ಮತ್ತು ದರ ಬರೆಯಬೇಕು. ಶಾಲೆಗೆ ಹೋಗುವ ಮಗನೋ ಮಗಳೋ ವಾರಕ್ಕೊಮ್ಮೆ ಕುಳಿತು ಬರೆದರೂ ಸಾಕು.

4. ಬೆಳೆ ಸಮೀಕ್ಷೆಯಲ್ಲಿ ತಮ್ಮ ಹೊಲದ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಬೇಕು. ಹೊಲದಲ್ಲಿ ಹತ್ತಿ ಇದ್ದು ಉತಾರದಲ್ಲಿ ಗೋವಿನಜೋಳ ಎಂದಿದ್ದರೆ ಸಕಾಲದಲ್ಲಿ ತಿದ್ದಿಸಿಕೊಳ್ಳಬೇಕು.

5. ಇಬ್ಬನಿ ಆರಿದ ಮೇಲೆ ಹತ್ತಿ ಬಿಡಿಸಬೇಕು. ಗಿಡದ ಕೆಳಗಿನ ಕಾಯಿಗಳಿಂದ ಆರಂಭಿಸಿ ಮೇಲಕ್ಕೆ ಹೋದರೆ ಒಣ ಎಲೆಯ ಚೂರು ಬೀಳುವುದು ಕಡಿಮೆ. ಹುಳು ತಿಂದ, ಹಳದಿಗಟ್ಟಿದ ಹತ್ತಿಯನ್ನು ಬೇರೆ ಉಡಿಗೆ ಹಾಕಬೇಕು.

6. ಪ್ಲಾಸ್ಟಿಕ್ ಎಳೆಯ ಗೊಬ್ಬರ ಚೀಲಗಳಲ್ಲಿ ಹತ್ತಿ ತುಂಬಬಾರದು. ಆ ಎಳೆ ಹತ್ತಿಯಲ್ಲಿ ಸೇರಿದರೆ ನೂಲಿನವರೆಗೂ ಹೋಗಿ, ಬಣ್ಣ ಹಿಡಿಯದೆ ಬಟ್ಟೆಯಲ್ಲಿ ಕಲೆಯಾಗಿ ಕಾಣುತ್ತದೆ. ಹತ್ತಿ ಬಟ್ಟೆಯ ಚೀಲ ಉತ್ತಮ. ಬಿಡಿಸುವ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಕಟ್ಟಿಕೊಂಡರೆ ಹತ್ತಿಯಲ್ಲಿ ಕೂದಲು ಬೀಳುವುದಿಲ್ಲ.

7. ಮೊದಲ, ಎರಡನೆಯ, ಮೂರನೆಯ ಸಲ ಬಿಡಿಸಿದ ಹತ್ತಿಯನ್ನು ಬೇರೆ ಬೇರೆ ಇಟ್ಟು, ಚೀಲದ ಮೇಲೆ ದಿನಾಂಕ ಮತ್ತು ತಳಿಯ ಹೆಸರು ಬರೆಯಬೇಕು. ಹಸಿ ಹತ್ತಿಯನ್ನು ಸಂಗ್ರಹಿಸಬಾರದು. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇಕಡಾ 12 ಮೀರಿದ ಹತ್ತಿಯನ್ನು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ನೆನಪಿಡಬೇಕು.

8. ಸಂಕರಣ ಬೀಜೋತ್ಪಾದನೆ ಮಾಡುವವರು ಹೂವಿನ ಪುಂಕೇಸರ ತೆಗೆಯುವ, ಪರಾಗ ಹಚ್ಚುವ ಕೆಲಸಕ್ಕೆ ಮಕ್ಕಳನ್ನು ಹಚ್ಚಲೇಬಾರದು. ನಮ್ಮ ಕಾನೂನು ಇದನ್ನು ನಿಷೇಧಿಸಿದೆ. ಒತ್ತಾಯದ ದುಡಿಮೆಯಿಂದ ಆದ ಸರಕನ್ನು ತಡೆಯುವ ಇನ್ನೊಂದು ಕಾನೂನು ಯುರೋಪಿನಲ್ಲಿ 2027ರ ಡಿಸೆಂಬರ್‌ನಿಂದ ಅನ್ವಯವಾಗಬೇಕಾಗಿದೆ. ಅಲ್ಲಿಯ ಭಯಕ್ಕಿಂತ ಮಗು ಶಾಲೆಯಲ್ಲಿ ಇರಬೇಕೆಂಬ ಕಾರಣವೇ ಸಾಕು.

9. ಮೊಬೈಲಿನಲ್ಲಿ ವಿವರ ತುಂಬಿಕೊಳ್ಳಲು ಯಾರೇ ಬಂದರೂ ಇದು ಏತಕ್ಕೆ, ಯಾರಿಗೆ ಹೋಗುತ್ತದೆ, ನಮಗೆ ಇದರಿಂದ ಏನು ಎಂದು ಕೇಳಬೇಕು. ಒಪ್ಪಿಗೆ ಇಲ್ಲದೆ ಆಧಾರ್, ಬ್ಯಾಂಕ್ ಖಾತೆಯ ವಿವರ ಕೊಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ. ಕೊಟ್ಟ ವಿವರದ ಒಂದು ಪ್ರತಿ ತಮ್ಮ ಬಳಿಯೂ ಇರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಊರಿಗೆ ಹೋದಾಗ ಪಾಸ್‌ಪೋರ್ಟಿನ ಭಾಷಣದಿಂದ ಆರಂಭಿಸುವುದು ಬೇಡ. ಒಂದೇ ಊರಿನ 50 ಜನ ಹತ್ತಿ ಬೆಳೆಗಾರರನ್ನು ಕೂಡಿಸಿ, ಬಿತ್ತನೆಗೆ ಮೊದಲೇ ಯಾವ ಒಂದು ತಳಿ ಬಿತ್ತಬೇಕೆಂದು ಅವರೇ ತೀರ್ಮಾನಿಸುವಂತೆ ಮಾಡಿರಿ. ‘ಒಂದು ಊರು, ಒಂದು ತಳಿ’ ಎಂಬುದು ಹತ್ತಿಯಲ್ಲಿ ಹಳೆಯ ಸಲಹೆ. ಅದಕ್ಕೆ ಈಗ ಹೊಸ ಕಾರಣ ಸೇರಿದೆ. ರೈತ ಉತ್ಪಾದಕ ಕಂಪನಿ ಅಥವಾ ಸಹಕಾರಿ ಸಂಘ ಇದ್ದಲ್ಲಿ ಅದರ ಮೂಲಕ ಒಬ್ಬ ಜಿನ್ನಿನ ಮಾಲೀಕರ ಜೊತೆ ಕೂತು, ಈ ಗುಂಪಿನ ಹತ್ತಿಯನ್ನು ಬೇರೆ ರಾಶಿ ಹಾಕಿ ಬೇರೆ ಅಂಡಿಗೆ ಕಟ್ಟಲು ಏನು ಖರ್ಚು, ಆ ಖರ್ಚು ಯಾರದು, ಅರಳೆಯ ಪರೀಕ್ಷೆಯಲ್ಲಿ ಗುಣ ಚೆನ್ನಾಗಿ ಬಂದರೆ ರೈತರಿಗೆ ಎಷ್ಟು ಪಾಲು ಎಂದು ಮೊದಲೇ ಬರೆದು ಗೊತ್ತುಪಡಿಸಿಕೊಳ್ಳಬೇಕು. ಬರೆಯದ ಮಾತು ಸುಗ್ಗಿಯಲ್ಲಿ ನೆನಪಿಗೆ ಬಾರದು.

ಮೊದಲ ವರ್ಷ ಒಂದು ಲಾಟು ಸಾಕು. ಆ ಲಾಟಿನ ಎಳೆಯ ಉದ್ದ, ಗಟ್ಟಿತನ, ಕಸದ ಪ್ರಮಾಣಗಳ ಪರೀಕ್ಷಾ ವರದಿಯನ್ನು ರೈತರಿಗೆ ಓದಿ ಹೇಳಬೇಕು. ತಾನು ಬೆಳೆದ ಹತ್ತಿಯ ಎಳೆ ಎಷ್ಟು ಉದ್ದ ಎಂಬುದನ್ನು ನಮ್ಮ ಬಹುತೇಕ ರೈತರಿಗೆ ಇಂದಿನವರೆಗೆ ಯಾರೂ ಹೇಳಿಲ್ಲ. ದರ ಕಟ್ಟುವವನಿಗೆ ಮಾತ್ರ ಅದು ಗೊತ್ತಿರುವ ತನಕ ದರದಲ್ಲಿ ರೈತನ ಮಾತು ನಡೆಯುವುದಿಲ್ಲ. ದೂರದ ಪೇಟೆಯ ಗಿರಾಕಿಗೆ ತನ್ನ ಅಂಗಿಯ ಹುಟ್ಟನ್ನು ತಿಳಿಯುವ ಹಕ್ಕು ಬರುತ್ತಿರುವಾಗ, ಹತ್ತಿ ಬೆಳೆದವನಿಗೆ ತನ್ನ ಬೆಳೆಯ ಗುಣವನ್ನು ತಿಳಿಯುವ ಹಕ್ಕೂ ಬರಬೇಕು. ಈ ಹೊಸ ವ್ಯವಸ್ಥೆಯಲ್ಲಿ ನಮ್ಮ ರೈತರು ಮೊದಲು ಕೇಳಿ ಪಡೆಯಬೇಕಾದದ್ದು ಇದನ್ನು. ಬರುವ ಮುಂಗಾರಿಗೆ ಬೀಜ ಕೊಳ್ಳುವಾಗ ಪಾವತಿ ಕೇಳಿ ಇಟ್ಟುಕೊಳ್ಳುವುದರಿಂದ ಈ ಕೆಲಸಕ್ಕೆ ಕೈಹಚ್ಚಬಹುದು.